ಚಪ್ಪಲಿ ಹಾಕಿದ ಬೀರು

ನನ್ನ ತಂಗಿ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗುವ ಕೆಲಸದಲ್ಲಿದ್ದಳು. ಅವಳು "ಹೊರಡಲು ಸಿದ್ಧವಾಗಿದೆ" ಅಂದರೆ ಸಾಕು, ಡ್ರೈವರು ಇನ್ನೂ ಚಹಾ ಕುಡಿಯುತ್ತಿದ್ದರೂ ಬಸ್ಸು ತಾನೇ ನಾಲ್ಕು ಮಾರು ಮುಂದೆ ಹೋಗಿಬಿಡುತ್ತಿತ್ತು. ನಂಬದವರು ಬಸ್ಸನ್ನೇ ಕೇಳಿಕೊಳ್ಳಿ.

ಒಂದು ದಿನ ಮೇಲಿನವರು ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಊರುಗಳ ಹೆಸರು, ಗಂಟೆ, ನಿಮಿಷಗಳನ್ನೆಲ್ಲ ಬಿಡಿಬಿಡಿಯಾಗಿ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ಮುಗಿದ ಮೇಲೆ "ಇನ್ನು ಮನೇಲಿ ಆರಾಮಾಗಿರಿ ಅಮ್ಮ" ಅಂದರು. ತಂಗಿ ಮನೆಗೆ ಬಂದಳು, ಗಂಟಲು ಅಲ್ಲೇ ಉಳಿಯಿತು. ಇವತ್ತಿಗೂ ಅವಳು ಪ್ರಯಾಣ ಹೊರಟರೆ ಅವಳದೇ ದನಿ ಅವಳನ್ನು ಗದರಿಸಿ ಬಸ್ಸು ಹತ್ತಿಸುತ್ತದೆ.

ಹಾಗಾಗಿ, ಕಾದಂಬರಿಗಳನ್ನು ಓದಿಸಿ ಕೇಳಿಸುವ ಕಂಪನಿಯ ಹುಡುಗಿ ಫೋನ್ ಮಾಡಿ ನಮ್ಮ ಸ್ಟುಡಿಯೋಗೆ ಬನ್ನಿ ಅಂದಾಗ, ತಂಗಿ ಒಪ್ಪಲಿಲ್ಲ.

"ಇನ್ನೊಬ್ಬರ ಕೋಣೇಲಿ ಒಂದ್ಸಲ ಬಾಯಿ ಬಿಟ್ಟು ಸಾಕಾಗಿದೆ. ನನ್ನ ಮನೇಲೇ ಓದ್ತೀನಿ. ಮೂಲ ರೆಕಾರ್ಡಿಂಗ್ ನನ್ನ ಹತ್ರಾನೇ ಇರುತ್ತೆ."

"ಸರಿ, ಈ ತಿಂಗಳೊಳಗೆ ಒಂದು ಅಧ್ಯಾಯ ಕಳಿಸಿ. ಹೊರಗಿನ ಸದ್ದು ಕೇಳಿಸಿದ್ರೆ ಮಾತ್ರ ಬೇರೆಯವರಿಗೆ ಕೊಟ್ಬಿಡ್ತೀವಿ."

ತಂಗಿಯ ಮನೆಯ ಕೆಳಗೇ ತಗಡಿನ ಅಂಗಡಿ. ಅಲ್ಲಿ ಸುತ್ತಿಗೆ ಬಿದ್ದರೆ ಮೇಲೆ ಕುಡಿಯುವ ನೀರು ಲೋಟದಿಂದ ಎದ್ದು ನಿಲ್ಲುತ್ತದೆ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಬರುವುದಿಲ್ಲ ಎಂದು ಯಾರೋ ಹೇಳಿದರು. ಮನೆಮಂದಿಯೆಲ್ಲ ಹೊತ್ತುಹೊತ್ತಿಗೂ ಮೊಟ್ಟೆ ತಿಂದೆವು. ನಮ್ಮನ್ನು ಕಂಡರೆ ಕೋಳಿಗಳು ಹದ್ದಿನಷ್ಟು ಎತ್ತರ ಹಾರತೊಡಗಿದವು. ಕಡೆಗೆ ಗೋಡೆ ತುಂಬ ಟ್ರೇ ಆಯಿತು. ಕೋಣೆಯೊಳಗಿನ ಗೊಯ್ ಅನ್ನುವ ಮಾರ್ದನಿ ನಿಂತಿತು, ನಿಜ. ಸುತ್ತಿಗೆ ಮಾತ್ರ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು.

ತಗಡಿನವನೇ ಮರುಗಿದ. "ಅಕ್ಕಾ, ಓದೋ ಹೊತ್ತಲ್ಲಿ ಒಂದು ಮಾತು ಹೇಳಿ, ಸುತ್ತಿಗೆ ಕೆಳಗಿಡ್ತೀನಿ."

"ಬೇಡಪ್ಪ. ನಿನ್ನ ದಯೆ ಮೇಲೆ ನಿಂತ ಸ್ಟುಡಿಯೋ, ನಿನಗೆ ದೊಡ್ಡ ಆರ್ಡರ್ ಬಂದ ದಿನ ಬಿದ್ದುಹೋಗುತ್ತೆ. ನೀನು ಬಡೀತಾನೇ ಇರು. ನಿಲ್ಲಿಸಿದ್ರೆ ನನ್ನ ಕೆಲಸ ಸರಿಯಾಯ್ತೋ ಇಲ್ವೋ ಗೊತ್ತಾಗೋದು ಹೇಗೆ?"

ಆಮೇಲೆ ಅವಳು ಸದ್ದಿನ ಬೆನ್ನು ಹತ್ತಿದಳು. ಕಿಟಕಿಯ ಸಂದಿಗೆ ಕೈಯಿಟ್ಟು ನೋಡಿದಳು, ಗಾಳಿ ನುಗ್ಗುವ ಕಡೆಯೆಲ್ಲ ಸದ್ದೂ ನುಗ್ಗುತ್ತಿತ್ತು. ಹಳೆಯ ಸೈಕಲ್ ಟ್ಯೂಬು ಸೀಳಿ ಸಂದಿಗಳಿಗೆ ತುರುಕಿದಳು. ಅವಳ ಗಂಡ, ನಮ್ಮ ಭಾವನ ಹಾಸಿಗೆಯನ್ನು ಕಿಟಕಿಗೆ ಒರಗಿಸಿದಳು.

"ನಾನೆಲ್ಲಿ ಮಲಗಲೇ?" ಅಂದರು ಭಾವ.

"ಹಾಸಿಗೆ ನಿಂತಿದೆಯಲ್ಲ, ನೀವೂ ನಿಂತ್ಕೊಂಡೇ ಮಲಗಿ."

ಇಷ್ಟಾದರೂ ನೆಲದಿಂದ ಸುತ್ತಿಗೆ ಏರಿ ಬರುತ್ತಿತ್ತು. ನೆಲಕ್ಕೆ ಕಿವಿಯಿಟ್ಟು ಮಲಗಿದ್ದ ತಂಗಿ ಎದ್ದವಳೇ ಮನೆಯ ಹಳೆ ಚಪ್ಪಲಿಗಳನ್ನೆಲ್ಲ ಗುಡ್ಡೆ ಹಾಕಿದಳು. ದಪ್ಪ ರಬ್ಬರಿನವನ್ನು ಆರಿಸಿ, ನಾವಿಬ್ಬರು ಮುದುಕರು ಬೆನ್ನು ಮುರಿದುಕೊಂಡು ಎತ್ತಿ ಹಿಡಿದ ಮರದ ಬೀರುವಿನ ಕಾಲುಗಳಡಿ ಒಂದರ ಮೇಲೊಂದು ಇಟ್ಟಳು.

"ಬೀರು ವಾಕಿಂಗ್ ಹೊರಟಿದ್ಯಾ?" ಅಂದೆ.

"ಸುಮ್ನೆ ಹಿಡ್ಕೋ ಅಣ್ಣ. ನೆಲದ ನಡುಕ ರಬ್ಬರಲ್ಲೇ ಸಾಯ್ಲಿ."

ಬೀರುವಿನ ತುಂಬ ಭಾವನ ಶರ್ಟು, ಕೋಟು, ಅವಳ ಸೀರೆ, ಕಂಬಳಿ. ನಡುವೆ ಒಂದು ಸ್ಟೂಲು, ಮೈಕು, ಸಣ್ಣ ದೀಪ. ಒಳಗೆ ಕೂತು ಬಾಗಿಲೆಳೆದುಕೊಂಡಳು. ಅಧ್ಯಾಯ ಮುಗಿಸಿ ಹೊರಬಂದಾಗ ಬೆವರಿನಲ್ಲಿ ತೊಯ್ದಿದ್ದಳು. ನಾನು ಹೆಡ್‌ಫೋನ್ ಹಾಕಿಕೊಂಡೆ. ಕಾಲಡಿ ನೆಲ ಅದುರುತ್ತಿತ್ತು, ಕಿವಿಯಲ್ಲಿ ಮಾತ್ರ ಅವಳ ದನಿಯೊಂದೇ.

ಅಧ್ಯಾಯ ಕಳಿಸಿದ ಮೂರನೆಯ ದಿನ ಕಂಪನಿಯ ಹುಡುಗಿಯ ಫೋನು. "ಅಮ್ಮ, ಯಾವ ಸ್ಟುಡಿಯೋದಲ್ಲಿ ಮಾಡ್ಸಿದ್ರಿ?"

"ಬೀರುವಿನಲ್ಲಿ."

"ಪುಸ್ತಕ ನಿಮಗೇ ಅಮ್ಮ. ಆದ್ರೆ ಉಳಿದದ್ದಕ್ಕೆ ಇಲ್ಲಿಗೇ ಬನ್ನಿ. ಎಸಿ ಇದೆ, ಕಾರು ಕಳಿಸ್ತೀವಿ."

"ನಿಮ್ಮ ಎಸಿ ನಿಮಗಿರಲಿ. ಎರಡನೇ ಅಧ್ಯಾಯ ಇಲ್ಲಿಂದಲೇ ಬರುತ್ತೆ. ಬೇಡ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ, ಇನ್ನೊಬ್ಬರ ಪುಸ್ತಕ ಓದ್ತೀನಿ."

"...ಕಳಿಸಿ ಅಮ್ಮ."

ತಂಗಿ ಫೋನಿಟ್ಟು, ನೀರು ಕುಡಿದು, ಬೀರುವಿನೊಳಗೆ ಕಾಲಿಟ್ಟಳು.

"ನನ್ನ ಶರ್ಟಾದ್ರೂ ಕೊಟ್ಟು ಹೋಗೇ, ಹೊರಗೆ ಹೋಗ್ಬೇಕು," ಅಂದರು ಬನಿಯನ್ನಿನಲ್ಲಿದ್ದ ಭಾವ.

"ಅದು ಗೋಡೆ ಕಣ್ರೀ, ತೆಗೆಯೋಕಾಗಲ್ಲ," ಅಂದು ಬಾಗಿಲೆಳೆದುಕೊಂಡಳು.