ಮರಳಿ ಪಡೆದ ಭೂಮಿ

ಕೆಳಗಿನ ಮನೆಯವರು ಮೊನ್ನೆ ಒಣ ಸಿಗಡಿ ಹುರಿದರು. ನಮ್ಮ ಬಿಲ್ಡಿಂಗಿನ ಅರ್ಧ ಜನ ಮೂಗು ಮುಚ್ಚಿಕೊಂಡು ಕಿಟಕಿ ಎಳೆದುಕೊಂಡರು. ಮೈಸೂರಿನ ಸಾರು-ಅನ್ನದಲ್ಲಿ ಬೆಳೆದ ನಾನು ಮಾತ್ರ ಕಿಟಕಿ ತೆರೆದಿಟ್ಟು ಕೂತೆ. ಆ ಅಕ್ಕ ನೆನಪಾದರು...

ಐವತ್ತರ ದಶಕದಲ್ಲಿ ನಾನು ಜೋಗೇಶ್ವರಿಯ ಚಾಳೊಂದರಲ್ಲಿದ್ದೆ. ಸಾಕ್ಷ್ಯಚಿತ್ರದ ತಂಡವೊಂದರಲ್ಲಿ ಇಂಗ್ಲಿಷ್ ನಿರೂಪಣೆಯನ್ನು ಕನ್ನಡಕ್ಕಿಳಿಸಿ ಓದುವುದು ನನ್ನ ಕೆಲಸ. ಎದುರು ಖೋಲಿಯಲ್ಲಿ ಮಲ್ಪೆ ಕಡೆಯ ಅಕ್ಕ ಇದ್ದರು. ಕಡಲು ಒಳಚಾಚಿದ್ದ ಗೋರೆಗಾಂವ್ ಖಾಡಿಯ ದಂಡೆಯ ಒಂದು ಅಂಗಳದಲ್ಲಿ ಮೀನು ಒಣಗಿಸಿ ಮಾರುತ್ತಿದ್ದರು. "ಎಂತ ಭಟ್ರೇ, ಇವತ್ತೂ ಬೇಳೆ ನೀರಾ?" ಎಂದು ನನ್ನನ್ನು ಕೆಣಕುವರು. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರೂ ಅವರೇ.

ಖಾಡಿಗೆ ಮಣ್ಣು ತುಂಬಿ ನೆಲ ಮಾಡುವ ಕೆಲಸ ನಡೆದಿತ್ತು. ಅದರ ಬಗ್ಗೆ ಚಿತ್ರ ತೆಗೆಯುವಾಗ, ಹಳೆಯದನ್ನೂ ತೋರಿಸೋಣ ಎಂದರು ನಿರ್ದೇಶಕರು. ನಾನು ಅಕ್ಕನನ್ನು ಕರೆದೆ. ಅವರು ಹಿಂಜರಿದರು. "ಚಿತ್ರದಲ್ಲಿ ಬಂದ್ರೆ ದೊಡ್ಡವರ ಕಣ್ಣಿಗೆ ಬೀಳುತ್ತೆ ಅಕ್ಕ, ನಿಮ್ಮ ಅಂಗಳ ಉಳಿಯುತ್ತೆ" ಎಂದುಬಿಟ್ಟೆ. ಹಾಗೆ ಹೇಳುವ ಅಧಿಕಾರ ನನಗೆ ಯಾರು ಕೊಟ್ಟಿದ್ದರೋ.

ಅವರು ಒಳ್ಳೆಯ ಸೀರೆ ಉಟ್ಟು ಬಂದರು. ಹೊಸ ಮಣ್ಣಿನ ಮೇಲೆ ನಡೆಯುತ್ತ, ದೋಣಿ ಕಟ್ಟುತ್ತಿದ್ದುದು ಇಲ್ಲಿ, ಉಪ್ಪಿನ ಮಡಿ ಅಲ್ಲಿ, ಅದಕ್ಕೂ ಮೊದಲು ಇಲ್ಲೆಲ್ಲ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಾಡಿತ್ತಂತೆ ಎಂದು ತೋರಿಸಿದರು. ನಾವು ಎಲ್ಲವನ್ನೂ ಚಿತ್ರೀಕರಿಸಿಕೊಂಡೆವು.

ಚಿತ್ರ ಉದ್ದವಾಯಿತೆಂದು ಅವರ ಮಾತಿಗೆ ಕತ್ತರಿ ಬಿತ್ತು. ಅವರು ನಡೆದು ಹೋಗುವ ಬೆನ್ನು ಮಾತ್ರ ಉಳಿಯಿತು. ಅದರ ಮೇಲೆ ನನ್ನ ದನಿ: "ಇದು ಕಡಲಿನಿಂದ ಮರಳಿ ಪಡೆದ ಭೂಮಿ." ಇಂಗ್ಲಿಷಿನಲ್ಲಿದ್ದ 'ರಿಕ್ಲೇಮ್ಡ್ ಲ್ಯಾಂಡ್' ಎಂಬುದನ್ನು ಹಾಗೇ ಇಳಿಸಿದ್ದೆ, ಒಳ್ಳೆಯ ಕನ್ನಡವೆಂದು ಬೆನ್ನು ತಟ್ಟಿಸಿಕೊಂಡಿದ್ದೆ. ಅಕ್ಕನ ಪರವಾಗಿ ಒಂದು ಮಾತು ಆಡಬಹುದಿತ್ತು. ಕೆಲಸಕ್ಕೆ ಸಂಚಕಾರ ಬಂದೀತೆಂದು ಬಾಯಿ ಹೊಲಿದುಕೊಂಡೆ.

ಚಾಳಿನವರೆಲ್ಲ ಸೇರಿ ಮೈದಾನದಲ್ಲಿ ಪರದೆ ಕಟ್ಟಿ ಚಿತ್ರ ನೋಡಿದರು. ಮುಗಿದ ಮೇಲೆ ಅಕ್ಕ ನನ್ನ ಬಳಿ ಬಂದರು. ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದರು.

"ಮರಳಿ ಪಡೆದದ್ದು ಅಂದ್ರೆ ಎಂತ ಮಾರಾಯ್ರೇ? ಕಡಲು ನಿಮ್ಮದನ್ನು ಯಾವಾಗ ತಕೊಂಡಿತ್ತು?"

"ಅದು... ಹಾಗೆ ಹೇಳೋದು ರೂಢಿ ಅಕ್ಕ."

"ಹಾಗಾ," ಎಂದರು. "ನನ್ನ ಅಂಗಳದ ಮಾತು ಮುಂದಿನ ಚಿತ್ರದಲ್ಲಿ ಬರ್ತದಾ?"

ನಾನು ಹೂಂ ಎಂದೆ.

ಮಳೆಗಾಲ ಕಳೆಯುವುದರೊಳಗೆ ಅಂಗಳದ ಮೇಲೂ ಮಣ್ಣು ಬಿತ್ತು. ಅಕ್ಕ ಖೋಲಿ ಖಾಲಿ ಮಾಡಿದ ದಿನ ನಾನು ಬೇಕೆಂದೇ ಸ್ಟುಡಿಯೋದಲ್ಲಿ ತಡ ಮಾಡಿದೆ. ಎಲ್ಲಿಗೆ ಹೋದರೆಂದು ಅವರ ತಂಗಿಯನ್ನು ಕೇಳಬಹುದಿತ್ತು, ಪಕ್ಕದ ಚಾಳಿನಲ್ಲೇ ಇದ್ದಳು. ಕೇಳಲು ನನಗೆ ಮುಖವಿರಲಿಲ್ಲ.

ಅಕ್ಕ ಈಗ ಬದುಕಿರಲಾರರು. ಅವರನ್ನು ಕಳೆದುಕೊಂಡೆ ಎನ್ನಲೂ ನನಗೆ ನಾಲಿಗೆ ಏಳುವುದಿಲ್ಲ. ನಾನಿರುವ ಈ ಬಿಲ್ಡಿಂಗ್ ಇರುವುದು ಅವರು ಮೀನು ಒಣಗಿಸುತ್ತಿದ್ದ ಆ ಅಂಗಳದ ಮೇಲೆ... ಮನೆ ಕೊಳ್ಳುವಾಗ ಅದು ನನಗೆ ಚೆನ್ನಾಗಿ ಗೊತ್ತಿತ್ತು.