ಹರಕೆಯ ಮಂಡಕ್ಕಿ ಮತ್ತು ಮರುಭೂಮಿಯ ಮೀನು

ಊರಿನ ದೇವಸ್ಥಾನದ ಮೀನಿಗೆ ಹೇಳಿಕೊಂಡ ಹರಕೆಯನ್ನು ಕತಾರಿನ ಮರುಭೂಮಿಯಲ್ಲಿ ತೀರಿಸಲು ಹೊರಟವಳು ನನ್ನ ಅಮ್ಮ ಒಬ್ಬಳೇ ಇರಬೇಕು. ನಮ್ಮ ಕಡೆ ಚರ್ಮದ ಕಾಯಿಲೆಯಾದರೆ ಹೊಳೆಯ ದೇವರ ಮೀನಿಗೆ ಮಂಡಕ್ಕಿ ಹಾಕುತ್ತೇವೆಂದು ಹೇಳಿಕೊಳ್ಳುವುದುಂಟು. ಆ ವರ್ಷ ನನ್ನ ಬಲಗೈಗೆ ಕಜ್ಜಿ ಹತ್ತಿಕೊಂಡಿತ್ತು. ಕತಾರಿನ ನಮ್ಮ ಮನೆಗೆ ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮ ಅದನ್ನು ನೋಡಿದ್ದೇ ತಡ, ಹರಕೆ ಹೇಳಿಕೊಂಡಳು. ನಾನು ಡಾಕ್ಟರ ಹತ್ತಿರ ಹೋಗಿ ಮುಲಾಮು ತಂದೆ. ಕೈ ವಾಸಿಯಾಯಿತು, ಹೆಸರು ಮಾತ್ರ ಮೀನಿಗೆ ಬಂತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನನಗೆ ಊರಿಗೆ ಹೋಗಲು ರಜೆ ಇರಲಿಲ್ಲ, ಅಮ್ಮನ ವೀಸಾ ಮುಗಿಯುತ್ತಾ ಬಂದಿತ್ತು. ಕಜ್ಜಿಯಾದವಳೇ ತನ್ನ ಕೈಯಾರೆ ಹಾಕಬೇಕು, ಬಾಕಿ ಉಳಿದರೆ ಅದು ತಿರುಗಿ ಬರುತ್ತದೆ ಎಂದು ಅವಳ ವರಾತ. ಆಗಲೇ ನನ್ನ ಗಂಡ ಬಾಯಿ ತಪ್ಪಿ, ದುಖಾನ್ ದಾರಿಯ ಕಡೆ ಮರುಭೂಮಿಯ ಮೀನನ್ನು ಯಾರೂ ಹಿಡಿಯದ ಹಾಗೆ ಹೊಂಡದಲ್ಲಿ ಕಾಪಾಡಿಟ್ಟ ಜಾಗ ಒಂದಿದೆ ಎಂದುಬಿಟ್ಟರು. ಅವರ ನಾಲಿಗೆಗೆ ಅಂದು ಏನಾಗಿತ್ತೋ!

"ಅದು ದೇವರ ಮೀನಲ್ಲ ಅಮ್ಮ, ಸರ್ಕಾರದ್ದು" ಎಂದೆ.

"ಹಿಡಿಯುವ ಹಾಗಿಲ್ಲ ಅಂದ್ರಲ್ಲ ಅಳಿಯ? ಹಿಡಿಯುವ ಹಾಗಿಲ್ಲದ ಮೀನೆಲ್ಲ ದೇವರದ್ದೇ ಮಾರಾಯ್ತಿ."

ನಜ್ಮಾ ಬಡಾವಣೆಯ ಅಂಗಡಿಯಿಂದ ಮಂಡಕ್ಕಿ ಬಂತು. ಶುಕ್ರವಾರ ಹೊರಟೆವು. ಕಾರಿನ ಎಸಿ ಬಿಸಿಗಾಳಿ ಉಗುಳುತ್ತಿತ್ತು, ದಾರಿ ತಪ್ಪಿತು, ಅಮ್ಮ ಹಿಂದಿನ ಸೀಟಿನಿಂದ "ಹೊಳೆ ಎಲ್ಲುಂಟು?" ಎಂದು ಕೇಳುತ್ತಲೇ ಇದ್ದಳು. ನನ್ನ ತಲೆ ಕೆಟ್ಟುಹೋಗಿತ್ತು.

ಕೊನೆಗೂ ಸಿಕ್ಕಿದ್ದು ಬೇಲಿಯೊಳಗಿನ ಒಂದು ಹೊಂಡ, ಗೇಟು ತೆರೆದೇ ಇತ್ತು. ನೀರಿನಲ್ಲಿ ಬೆರಳಿನ ಗೆಣ್ಣಿನಷ್ಟು ಉದ್ದದ ಮೀನುಗಳು.

"ಇಷ್ಟೆಯಾ? ಇದನ್ನು ಬೆಕ್ಕೂ ಮೂಸುದಿಲ್ಲ" ಎನ್ನುತ್ತಲೇ ಅಮ್ಮ ಚೀಲದ ಗಂಟು ಬಿಚ್ಚಿದಳು. ಕಾವಲಿನ ಮಲಯಾಳಿ ಓಡಿ ಬಂದ. "ಮಾಫಿ ಅಮ್ಮಾ, ಮಾಫಿ! ಖಾನಾ ನಹೀ!" ಇಲ್ಲಿಯ ಅರಬಿಯಲ್ಲಿ ಮಾಫಿ ಎಂದರೆ ಇಲ್ಲ ಎಂದರ್ಥ. ತಿಂಡಿ ಹಾಕಿದರೆ ನೀರು ಕೊಳೆತು ಮೀನು ಸಾಯುತ್ತದೆ ಎಂದು ತನ್ನ ಹಿಂದಿಯಲ್ಲಿ ತಿಳಿಸಿದ. ನನ್ನ ಗಂಡ ನಕ್ಕರು. ನನಗೆ ರೇಗಿತು.

"ಸಮಾಧಾನ ಆಯ್ತಾ? ಇನ್ನು ನಡಿ, ಹೋಗುವ!"

ಅಮ್ಮ ಕದಲಲಿಲ್ಲ. "ನಾನು ಹೋದ ಮೇಲೆ ಕಜ್ಜಿ ತಿರುಗಿ ಬಂದ್ರೆ ನಿನಗೆ ಯಾರು ಉಣ್ಣಿಸುದು?" ಎಂದಳು. ಕೈ ಮಡಚಲಾಗದ ಆ ದಿನಗಳಲ್ಲಿ ತುತ್ತು ಕಲಸಿ ನನ್ನ ಬಾಯಿಗಿಟ್ಟವಳು, ತಲೆ ಬಾಚಿದವಳು ಅವಳೇ.

ಅವಳು ನನ್ನ ಮಣಿಕಟ್ಟು ಹಿಡಿದು ಕೂರಿಸಿ, ಕೈಯನ್ನು ನೀರಿಗೆ ಅದ್ದಿಬಿಟ್ಟಳು. ಕಾವಲಿನವನು ಬಾಯಿ ತೆರೆದ. ಅಮ್ಮನ ಮುಖ ನೋಡಿ, ತಲೆ ಚಚ್ಚಿಕೊಂಡು, ಆಚೆ ತಿರುಗಿ ನಿಂತ. ಮೀನುಗಳು ಮೊದಲು ಚದುರಿದವು, ಮತ್ತೆ ಒಂದೊಂದಾಗಿ ಬಂದು ಕಜ್ಜಿ ಮಾಗಿದ ಜಾಗದ ಒಣ ಸಿಪ್ಪೆಯನ್ನು ಕಚ್ಚತೊಡಗಿದವು. ಕಚಗುಳಿಯಾಯಿತು.

"ತಿಂದವು! ಮಂಡಕ್ಕಿ ಯಾಕೆ, ನಿನ್ನನ್ನೇ ಚೂರು ಕೊಟ್ಟ ಹಾಗಾಯ್ತು."

ಸೆರಗಿನಿಂದ ನನ್ನ ಕೈಯನ್ನು ಬೆರಳ ಸಂದಿಯವರೆಗೂ ಒರೆಸಿದಳು. "ಇನ್ನು ನಾನು ಧೈರ್ಯದಲ್ಲಿ ಹೋಗ್ತೇನೆ" ಎಂದಳು.

ವಾರವಿಡೀ ನಾನು ಮೀನಿನ ಮೇಲೆ, ಮಂಡಕ್ಕಿಯ ಮೇಲೆ, ಅವಳ ಮೇಲೆ ಹರಿಹಾಯ್ದಿದ್ದೆ. ಅಮ್ಮ ಹೊರಟುಹೋಗುತ್ತಾಳೆ ಎಂಬುದು ಆ ಬಿಸಿಲಿನಲ್ಲಿ, ಒದ್ದೆ ಕೈ ಹಿಡಿದುಕೊಂಡು ಕೂತಾಗ, ಮೊದಲ ಸಲ ನನಗೆ ತಟ್ಟಿತು.