ನೀರು ಕಾಣದ ಹಾಯಿದೋಣಿ

ಬೆಳಗಿನ ಆರೂಕಾಲು. ಜರಗನಹಳ್ಳಿಯ ಒಳರಸ್ತೆಯೊಂದರಲ್ಲಿ, ಶೀಟ್ ಶೆಡ್ಡಿನ ಮುಂದೆ, ಹನ್ನೆರಡು ಅಡಿ ಉದ್ದದ ಹಾಯಿದೋಣಿ ಎರಡು ಲಾರಿ ಟೈರುಗಳ ಮೇಲೆ ಕೂತಿದೆ. ಒಳಗೆ ಮೂವತ್ತೊಂದು ವರ್ಷದ ಚೂಡಾಮಣಿ ಬೆಲ್ಟ್ ಕಟ್ಟಿಸಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಅವರ ವೀಲ್‌ಚೇರ್. ದೇವರಾಜ್ ದೋಣಿಯ ಅಂಚಿಗೆ ಎರಡೂ ಕೈ ಕೊಟ್ಟು ಒತ್ತುತ್ತಾರೆ. ದೋಣಿ ಎಡಕ್ಕೆ ವಾಲುತ್ತದೆ.

"ಬಲಗಡೆಯಿಂದ ಗಾಳಿ ಬಂತು. ಹಾಯಿ ಸಡಿಲ ಬಿಡಮ್ಮ!"

"ಎಲ್ಲಿ ಗಾಳಿ ಅಂಕಲ್? ನಿಮ್ಮ ಏದುಸಿರು ಬಿಟ್ರೆ ಏನೂ ಇಲ್ಲ!"

ಐವತ್ತೆಂಟರ ದೇವರಾಜ್ ಬೊಮ್ಮನಹಳ್ಳಿಯ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಫೈಬರ್ ಕೆಲಸ ಮಾಡಿದವರು. ಈಜು ಬಾರದು. ಆರು ವರ್ಷದ ಹಿಂದೆ ಜಯನಗರದ ನಿವೃತ್ತ ಮೇಷ್ಟ್ರು ಭಾರ್ಗವ, ಊರುಗೋಲು ಊರುತ್ತ ಬಂದು, ಹಳೆಯ ದೋಣಿಯೊಂದನ್ನು ತಂದಿಳಿಸಿ, "ನನ್ನಂಥವನು ನಡೆಸೋ ಹಾಗೆ ಮಾಡಿಕೊಡಿ" ಎಂದರು. ದೇವರಾಜ್ ಸೀಟು ತಗ್ಗಿಸಿದರು, ಮಗುಚದಂತೆ ತಳಕ್ಕೆ ಸೀಸದ ತೂಕ ಕೂರಿಸಿದರು, ಹಗ್ಗ, ಚುಕ್ಕಾಣಿ ಎರಡನ್ನೂ ಕೂತಲ್ಲಿಗೇ ತಂದರು. ಭಾರ್ಗವ ಹೋದ ವರ್ಷ ತೀರಿಕೊಂಡರು. ದೋಣಿ ಆಗಲೂ ಟೈರಿನ ಮೇಲೆಯೇ ಇತ್ತು.

ಕೇಳಿದ ಎರಡು ಕೆರೆಗಳಲ್ಲೂ ಅನುಮತಿ ಸಿಗಲಿಲ್ಲ. ಊರಾಚೆಯ ಜಲಾಶಯವೊಂದರಲ್ಲಿ ಒಪ್ಪಿದರು. ಆದರೆ ದೋಣಿ ಹತ್ತುವವರು 'ದೈಹಿಕವಾಗಿ ಸಮರ್ಥ' ಎಂಬ ಡಾಕ್ಟರ ಸರ್ಟಿಫಿಕೇಟ್ ತರಬೇಕಂತೆ.

"ಸಮರ್ಥ ಆಗಿದ್ರೆ ನನ್ನ ಹತ್ರ ಯಾಕೆ ಬರ್ತಿದ್ರು ಸಾರ್?" ಎಂದು ವರದಿಗೆ ಬಂದ ನನ್ನನ್ನೇ ದೇವರಾಜ್ ಕೇಳುತ್ತಾರೆ.

ಹಾಗಾಗಿ ವಾರಕ್ಕೆ ಮೂರು ದಿನ, ಒಬ್ಬೊಬ್ಬರಿಗೆ ನಲವತ್ತು ನಿಮಿಷ, ನೆಲದ ಮೇಲೇ ಪಾಠ. ಶುರುವಿಗೆ ಚೂಡಾಮಣಿಯಂಥವರು ಹನ್ನೊಂದು ಮಂದಿ ಇದ್ದರು, ಈಗ ನಾಲ್ವರು. "ದೇವರಾಜಣ್ಣ, ಜೋರು ಮಳೆ ಬರ್ಲಿ, ನಮ್ಮ ರೋಡಲ್ಲೇ ಬಿಡೀವಂತೆ!" ಎಂದು ಎದುರು ಮನೆ ಗೌರಮ್ಮ ಛೇಡಿಸುತ್ತಾರೆ. ದೇವರಾಜ್ ಕೂಡ ನಗುತ್ತಾರೆ.

ಚೂಡಾಮಣಿಯದು ಸ್ನಾಯು ಸವೆಯುವ ಕಾಯಿಲೆ. ಮೊದಲ ವರ್ಷ ಮುಷ್ಟಿಯಲ್ಲಿ ಹಗ್ಗ ಎಳೆಯುತ್ತಿದ್ದರು. ಮರುವರ್ಷ ದೇವರಾಜ್ ಅಂಗೈಗೆ ಹಿಡಿಕೆ ಮಾಡಿಕೊಟ್ಟರು. ಆಮೇಲೆ ಎರಡು ಬೆರಳಿನ ಕಡ್ಡಿ. ಹೋದ ವಾರ ಆ ಬೆರಳೂ ಸೋತಿತು. ಈಗ ಗದ್ದದಿಂದ ಒತ್ತುವ ಪುಟ್ಟ ಬಟ್ಟಲು; ಇವತ್ತಿನ ಪಾಠ ಮುಗಿದೊಡನೆ ಅದನ್ನು ಬಿಚ್ಚಿ ದೇವರಾಜ್ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದಾರೆ. ಚರ್ಮ ತರಚಬಾರದಲ್ಲ.

ನಾಲ್ಕನೆಯ ಅರ್ಜಿ ಹಾಕಿ ಐದು ತಿಂಗಳಾಯಿತು. ಉತ್ತರವಿಲ್ಲ. ತಾವು ಸಜ್ಜುಮಾಡಿದ ದೋಣಿ ತೇಲುವುದನ್ನು ದೇವರಾಜ್ ಇನ್ನೂ ಕಂಡಿಲ್ಲ.

"ನೀರಿಗೆ ಬಿಟ್ರೆ ಇದು ಮಗುಚಲ್ಲ ಸಾರ್, ಬರ್ಕೊಳ್ಳಿ," ಎನ್ನುತ್ತಾರೆ. ಉಜ್ಜುವುದನ್ನು ನಿಲ್ಲಿಸಿ, ಚೂಡಾಮಣಿಗೆ ಕೇಳದಂತೆ ದನಿ ತಗ್ಗಿಸುತ್ತಾರೆ. "ಪರ್ಮಿಷನ್ ಒಂದಲ್ಲ ಒಂದಿನ ಬರುತ್ತೆ. ಗದ್ದ ಆದ್ಮೇಲೆ ಯಾವುದಕ್ಕೆ ಹಿಡಿಕೆ ಮಾಡ್ಲಿ ಅಂತ ಮಾತ್ರ ನಂಗೆ ಗೊತ್ತಿಲ್ಲ."